ಸಾಹುಕಾರರ ಮಾತಿನಿಂದ ನೇಮಕಾತಿ ಪತ್ರಕ್ಕೆ: ಐದು ತಾಲ್ಲೂಕುಗಳ ಅಂಗಡಿ–ಗಿರಣಿಗಳಲ್ಲಿ ದುಡಿಮೆಯ ಸಂಬಂಧ

ವಿಜಯನಗರ ಜಿಲ್ಲೆಯ ಪಶ್ಚಿಮ ಮತ್ತು ದಕ್ಷಿಣ ಭಾಗದಲ್ಲಿ ಹರಡಿಕೊಂಡಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಮಳೆಯನ್ನೇ ನೆಚ್ಚಿಕೊಂಡ ಸೀಮೆಗಳು. ತುಂಗಭದ್ರಾ ಜಲಾಶಯದ ಹಿನ್ನೀರು ಹಗರಿಬೊಮ್ಮನಹಳ್ಳಿ ಮತ್ತು ಹಡಗಲಿ ಭಾಗದ ಫಲವತ್ತಾದ ಭೂಮಿಯನ್ನು ಮುಳುಗಿಸಿತಾದರೂ ಕಾಲುವೆಯ ನೀರು ಬಹುಪಾಲು ಪೂರ್ವದ ತಾಲ್ಲೂಕುಗಳಿಗೇ ಹರಿದುದರಿಂದ, ಇಲ್ಲಿನ ರೈತ ಶೇಂಗಾ, ಜೋಳ, ಹತ್ತಿ, ಸೂರ್ಯಕಾಂತಿ, ಈರುಳ್ಳಿಗಳನ್ನೂ ಇತ್ತೀಚಿನ ದಶಕಗಳಲ್ಲಿ ಮೆಕ್ಕೆಜೋಳವನ್ನೂ ಮಳೆಯ ಭರವಸೆಯ ಮೇಲೆಯೇ ಬೆಳೆಯುತ್ತ ಬಂದಿದ್ದಾನೆ. ಹೊಸಪೇಟೆ, ಸಂಡೂರು, ತೋರಣಗಲ್ಲುಗಳಿಗೆ ಬಂದಂತಹ ಗಣಿಯಾಗಲಿ, ಉಕ್ಕಿನ ಕಾರ್ಖಾನೆಯಾಗಲಿ ಈ ಕಡೆಗೆ ಬರಲಿಲ್ಲ. ಹೀಗಾಗಿ ಇಲ್ಲಿ ಉದ್ಯಮ ಎಂದರೆ ದಲಾಲಿ ಅಂಗಡಿ, ಶೇಂಗಾ ಸುಲಿಯುವ ಮಿಲ್ಲು, ಎಣ್ಣೆ ಗಿರಣಿ, ಗೊಬ್ಬರ–ಬೀಜದ ಅಂಗಡಿ, ಬಟ್ಟೆ ಅಂಗಡಿ, ಕಿರಾಣಿ, ಖಾನಾವಳಿ ಮತ್ತು ಮುದ್ರಣಾಲಯ. ಇವೆಲ್ಲವೂ ಒಂದೊಂದು ಮನೆತನದ ಕೈಯಲ್ಲಿ ಹುಟ್ಟಿ, ಆ ಮನೆತನದ ಹೆಸರಿನಿಂದಲೇ ಪೇಟೆಯಲ್ಲಿ ಗುರುತಿಸಿಕೊಂಡವು. ಈ ಅಂಗಡಿ–ಗಿರಣಿಗಳ ವಹಿವಾಟಿನ ಚರಿತ್ರೆಯನ್ನು ಬರೆದವರು ಉಂಟು. ಅವುಗಳ ಒಳಗೆ ದುಡಿದವರ ಮತ್ತು ದುಡಿಸಿದವರ ನಡುವಿನ ಸಂಬಂಧ ಹೇಗೆ ಬದಲಾಯಿತು, ಇನ್ನೂ ಹೇಗೆ ಬದಲಾಗಬೇಕಾಗಿದೆ ಎಂಬುದು ಈ ಲೇಖನದ ವಿಷಯ.

ಕುಟುಂಬ ಉದ್ಯಮ ಎಂದರೆ ಬಂಡವಾಳ, ಆಡಳಿತ ಮತ್ತು ದುಡಿಮೆಯ ಒಂದು ಭಾಗ ಒಂದೇ ಮನೆಯವರಿಂದ ಬರುವ ವ್ಯವಸ್ಥೆ. ಇದನ್ನು ವಿವರಿಸಲು ಹಾರ್ವರ್ಡ್ ವಿಶ್ವವಿದ್ಯಾಲಯದ ರೆನಾಟೊ ಟಾಗ್ಯುರಿ ಮತ್ತು ಜಾನ್ ಡೇವಿಸ್ 1978ರಲ್ಲಿ ಮೂರು ವರ್ತುಲಗಳ ಮಾದರಿಯೊಂದನ್ನು ರೂಪಿಸಿದರು. ಕುಟುಂಬ, ಒಡೆತನ, ಉದ್ಯಮ ಎಂಬ ಮೂರು ವರ್ತುಲಗಳು ಒಂದರ ಮೇಲೊಂದು ಹಾಯ್ದು, ಒಬ್ಬೊಬ್ಬ ವ್ಯಕ್ತಿಯೂ ಒಂದರಲ್ಲೋ ಎರಡರಲ್ಲೋ ಮೂರರಲ್ಲೋ ನಿಂತಿರುತ್ತಾನೆ ಎಂಬುದು ಅದರ ಸಾರ. ಅಂಗಡಿಯ ಹಿರಿಯ ಮೂರರಲ್ಲಿಯೂ ಇದ್ದಾನೆ. ವ್ಯವಹಾರಕ್ಕೆ ಬಾರದ ತಮ್ಮನಿಗೆ ಕುಟುಂಬ ಮತ್ತು ಒಡೆತನ ಎರಡೂ ಇವೆ. ಮೂವತ್ತು ವರ್ಷ ಗಲ್ಲಾ ಪೆಟ್ಟಿಗೆಯ ಪಕ್ಕದಲ್ಲಿ ಕುಳಿತು ಲೆಕ್ಕ ಬರೆದ ಗುಮಾಸ್ತ ಉದ್ಯಮದ ವರ್ತುಲದಲ್ಲಿ ಮಾತ್ರ ಇದ್ದಾನೆ. ಇಲ್ಲಿನ ಪೇಟೆಗಳಿಗೆ ಈ ಮಾದರಿಯನ್ನು ಅನ್ವಯಿಸಿದರೆ ಒಂದು ತೊಡಕು ಎದುರಾಗುತ್ತದೆ. ಹಳೆಯ ಅಂಗಡಿಗಳಲ್ಲಿ ಗುಮಾಸ್ತನನ್ನು ‘ನಮ್ಮ ಮನೆಯವನು’ ಎಂದೇ ಕರೆಯುತ್ತಿದ್ದರು, ಮನೆಯ ಮದುವೆ–ಮುಂಜಿಗಳಲ್ಲಿ ಆತನೇ ಉಗ್ರಾಣ ನೋಡಿಕೊಳ್ಳುತ್ತಿದ್ದ. ಆದರೆ ಆಸ್ತಿ ಪಾಲಾಗುವ ದಿನ ಆತನ ಹೆಸರು ಯಾವ ಕಾಗದದಲ್ಲಿಯೂ ಇರುತ್ತಿರಲಿಲ್ಲ. ಮಾತಿನಲ್ಲಿದ್ದ ಮನೆತನ ಬರಹಕ್ಕೆ ಬರಲಿಲ್ಲ ಎಂಬುದರಲ್ಲಿಯೇ ಈ ಸೀಮೆಯ ದುಡಿಮೆಯ ಸಂಬಂಧದ ಬಲ ಮತ್ತು ದೌರ್ಬಲ್ಯ ಎರಡೂ ಅಡಗಿವೆ.

ಹಳೆಯ ವ್ಯವಸ್ಥೆಯ ಸ್ವರೂಪವನ್ನು ಮೊದಲು ನೋಡಬೇಕು. ದಲಾಲಿ ಅಂಗಡಿ ಎಂದರೆ ರೈತ ತಂದ ಮಾಲನ್ನು ಖರೀದಿದಾರನಿಗೆ ಮಾರಿಸಿ ನಡುವೆ ದಲಾಲಿ ಪಡೆಯುವ ಅಂಗಡಿ. ಅಲ್ಲಿ ಸಾಹುಕಾರ, ಅವನ ಅಣ್ಣತಮ್ಮಂದಿರು, ಲೆಕ್ಕ ಬರೆಯುವ ಒಬ್ಬಿಬ್ಬರು ಗುಮಾಸ್ತರು, ಚೀಲ ಹೊರುವ ಹಮಾಲರು, ಮಾಲು ತೂಗುವವರು, ಚಹಾ ತರುವ, ಕಸ ಹೊಡೆಯುವ ಹುಡುಗರು ಇರುತ್ತಿದ್ದರು. ಶೇಂಗಾ ಮಿಲ್ಲಿನಲ್ಲಿ ಇವರ ಜೊತೆಗೆ ಕಾಳು ಆರಿಸುವ ಹೆಂಗಸರ ಸಾಲು ಸೇರುತ್ತಿತ್ತು. ಸುಗ್ಗಿ ಮುಗಿದೊಡನೆ ಆ ಸಾಲು ಕರಗಿ ಹೊಲಗಳಿಗೋ ಗುಳೆಗೋ ಹೋಗುತ್ತಿತ್ತು. ಕೆಲಸಕ್ಕೆ ಸೇರುವುದು ಪರಿಚಯದ ಮೇಲೆ. ಅಪ್ಪ ಹಮಾಲನಾಗಿದ್ದ ಅಂಗಡಿಯಲ್ಲಿ ಮಗನೂ ಚೀಲಕ್ಕೆ ಹೆಗಲು ಕೊಡುತ್ತಿದ್ದ. ಸಂಬಳ ಇಷ್ಟು ಎಂಬುದಕ್ಕಿಂತ ಯುಗಾದಿ–ದೀಪಾವಳಿಗೆ ಬಟ್ಟೆ, ಮಗಳ ಮದುವೆಗೆ ಮುಂಗಡ, ಕಾಯಿಲೆಗೆ ದಾವಣಗೆರೆಯ ಆಸ್ಪತ್ರೆಯ ಖರ್ಚು, ಕೊಟ್ಟೂರೇಶ್ವರನ ತೇರಿಗೋ ಮೈಲಾರದ ಕಾರಣಿಕಕ್ಕೋ ಕೈಗೆ ಒಂದಿಷ್ಟು ದುಡ್ಡು ಎಂಬುವು ಮುಖ್ಯವಾಗಿದ್ದವು. ಕಾಯಕ–ದಾಸೋಹಗಳ ಪರಂಪರೆ ಗಾಢವಾಗಿರುವ ಈ ಸೀಮೆಯಲ್ಲಿ, ದುಡಿಮೆಯೇ ಪೂಜೆ ಮತ್ತು ದುಡಿದುದನ್ನು ಹಂಚಿ ಉಣ್ಣುವುದೇ ಧರ್ಮ ಎಂಬ ತಿಳಿವಳಿಕೆ ಸಾಹುಕಾರರಲ್ಲಿಯೂ ದುಡಿಯುವವರಲ್ಲಿಯೂ ಇತ್ತು. ಅದನ್ನು ಬರಿಯ ತೋರಿಕೆಯೆಂದು ತಳ್ಳಿಹಾಕುವುದು ಚರಿತ್ರೆಗೆ ಮಾಡುವ ಅನ್ಯಾಯ. ಬರಗಾಲದ ವರ್ಷಗಳಲ್ಲಿ ಎಷ್ಟೋ ಮನೆಗಳ ಒಲೆ ಉರಿದದ್ದು ಈ ಅಂಗಡಿಗಳ ಮುಂಗಡದಿಂದಲೇ.

ಆದರೆ ಆ ಮುಂಗಡದ ಇನ್ನೊಂದು ಮುಖ ಲೆಕ್ಕದ ಪುಸ್ತಕದಲ್ಲಿ ಕಾಣಸಿಗುತ್ತದೆ. ದೀಪಾವಳಿಯ ಲಕ್ಷ್ಮೀಪೂಜೆಯಂದು ಅರಿಸಿನ–ಕುಂಕುಮ ಹಚ್ಚಿ ತೆರೆಯುವ ಹೊಸ ಖಾತೆಗಳಲ್ಲಿ ದಿನದ ಜಮಾ–ಖರ್ಚನ್ನು ಬರೆಯುವ ರೋಜುಕೀರ್ದಿ ಒಂದು, ವ್ಯಕ್ತಿವಾರು ಲೆಕ್ಕ ಎತ್ತಿ ಬರೆಯುವ ಖಾತೆಪುಸ್ತಕ ಇನ್ನೊಂದು. ಹಮಾಲನಿಗೋ ಹುಡುಗನಿಗೋ ಆಗಿಂದಾಗ ಕೊಟ್ಟ ಹಣವನ್ನು ಬಹಳಷ್ಟು ಅಂಗಡಿಗಳಲ್ಲಿ ‘ಉಚಂತಿ’ ಎಂಬ ತಲೆಬರಹದ ಅಡಿ, ಅಂದರೆ ಮುಂದೆ ಹೊಂದಿಸಿಕೊಳ್ಳಬೇಕಾದ ತಾತ್ಕಾಲಿಕ ಕೊಡುಗೆಯೆಂದು ಬರೆಯಲಾಗುತ್ತಿತ್ತು. ಹಮಾಲ ತೆಗೆದುಕೊಂಡ ಐವತ್ತು ರೂಪಾಯಿಗೆ ತಾರೀಖು ಇದೆ, ಕಾರಣವೂ ಇದೆ. ಅದೇ ಹಮಾಲ ಅಂಗಡಿಗೆ ಸೇರಿದ ದಿನ ಯಾವುದು, ಅವನ ಸಂಬಳ ಯಾವ ತಿಂಗಳಿಂದ ಎಷ್ಟಾಯಿತು, ಎಷ್ಟು ದಿನ ರಜೆ ಪಡೆದ ಎಂಬುದಕ್ಕೆ ಪುಟವೇ ಇಲ್ಲ. ಅವನು ಕೊಡಬೇಕಾದ ಬಾಕಿ ಬರಹದಲ್ಲಿ ಉಳಿಯಿತು, ಅವನಿಗೆ ಬರಬೇಕಾದದ್ದು ಸಾಹುಕಾರರ ನೆನಪಿನಲ್ಲಿ ಉಳಿಯಿತು. ಬಾಕಿ ತೀರುವವರೆಗೆ ಬೇರೆ ಅಂಗಡಿಗೆ ಹೋಗುವಂತಿಲ್ಲ ಎಂಬ ಪೇಟೆಯ ಕಟ್ಟುಪಾಡು ಇದಕ್ಕೆ ಜೊತೆಗೂಡಿದಾಗ, ಉಪಕಾರವಾಗಿ ಆರಂಭವಾದ ಮುಂಗಡವೇ ಕಾಲಿಗೆ ತೊಡಕಾಗಿ ನಿಲ್ಲುತ್ತಿತ್ತು.

ಕಾನೂನು ಈ ಪೇಟೆಗಳಿಗೆ ತಡವಾಗಿ ಬಂದಿತೆಂಬ ನಂಬಿಕೆ ಸಾಮಾನ್ಯವಾಗಿದ್ದರೂ ಅದು ಪೂರ್ತಿ ನಿಜವಲ್ಲ. ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗಲೇ 1947ರ ಮದ್ರಾಸ್ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಜಾರಿಗೆ ಬಂದು, ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ದುಡಿಮೆಯ ಮಿತಿಯನ್ನೂ ವಾರದ ರಜೆಯನ್ನೂ ಹೇಳಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ಬೇರೆ ಬೇರೆ ಪ್ರಾಂತ್ಯಗಳಿಂದ ಬಂದ ಕಾಯ್ದೆಗಳನ್ನು ಒಂದುಗೂಡಿಸುವ ಉದ್ದೇಶದಿಂದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ರೂಪುಗೊಂಡಿತು. ದಿನದ ಮಿತಿ 9 ಗಂಟೆ, ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿ, 20 ದಿನದ ದುಡಿಮೆಗೆ 1 ದಿನದಂತೆ ಸಂಬಳಸಹಿತ ರಜೆ ಎಂಬ ವಿಧಿಗಳು ಅದರಲ್ಲಿದ್ದವು. ಮುಂದೆ ನೇಮಕಾತಿ ಆದೇಶವನ್ನು ಬರಹದಲ್ಲಿ ಕೊಡಬೇಕೆಂಬ ವಿಧಿಯೂ ಸೇರಿತು. ಪೇಟೆಯಲ್ಲಿ ಇದರಿಂದ ಕಣ್ಣಿಗೆ ಕಂಡ ಬದಲಾವಣೆ ಎಂದರೆ ವಾರಕ್ಕೊಂದು ದಿನ ಅಂಗಡಿಗಳು ಬಾಗಿಲು ಹಾಕುವುದು ಮತ್ತು ಗೋಡೆಯ ಮೇಲೆ ಚೌಕಟ್ಟು ಹಾಕಿ ತೂಗಿದ ನೋಂದಣಿ ಪತ್ರ. ಉಳಿದ ವಿಧಿಗಳು ಕಡತದಲ್ಲಿಯೇ ಉಳಿದವು. ಹರಪನಹಳ್ಳಿಯ ವಿಷಯದಲ್ಲಿ ಕಡತವೂ ಒಂದೆಡೆ ನಿಲ್ಲಲಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿದ ಈ ತಾಲ್ಲೂಕಿನ ವ್ಯಾಪಾರಿ ಮತ್ತು ಕಾರ್ಮಿಕ ಇಬ್ಬರೂ ಜಿಲ್ಲಾ ಕಚೇರಿಯ ದಾರಿಯನ್ನು ಮೂರು ಬಾರಿ ಹೊಸದಾಗಿ ಕಲಿಯಬೇಕಾಯಿತು.

ದುಡಿಮೆಯ ಬೆಲೆ ಮೊದಲ ಬಾರಿಗೆ ಎಲ್ಲರ ಕಣ್ಣೆದುರು ಬರಹಕ್ಕೆ ಬಂದದ್ದು ಕಾರ್ಮಿಕ ಕಾಯ್ದೆಯಿಂದಲ್ಲ, ಮಾರುಕಟ್ಟೆ ಕಾಯ್ದೆಯಿಂದ. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯ ಅಡಿ ದಲಾಲಿ, ಖರೀದಿದಾರ, ತೂಕದವ, ಹಮಾಲ ಎಲ್ಲರೂ ಸಮಿತಿಯಿಂದ ಲೈಸೆನ್ಸ್ ಪಡೆದು ಕೆಲಸ ಮಾಡುವವರಾದರು; ಚೀಲಕ್ಕೆ ಇಷ್ಟು ಹಮಾಲಿ, ಇಷ್ಟು ತೂಕದ ಕೂಲಿ ಎಂಬ ದರವನ್ನು ಸಮಿತಿ ಗೊತ್ತುಪಡಿಸುವ ಪದ್ಧತಿ ಬಂತು. ಅದುವರೆಗೆ ಯಾವುದೋ ಒಂದು ಅಂಗಡಿಯವನಾಗಿದ್ದ ಹಮಾಲ ಈಗ ಮಾರುಕಟ್ಟೆಯವನೂ ಆದ. ಹಮಾಲರು ಸಂಘ ಕಟ್ಟಿ, ದರ ಹೆಚ್ಚಿಸುವಂತೆ ವರ್ತಕರ ಸಂಘದ ಎದುರು ಕುಳಿತು ಮಾತನಾಡಲು ಇದು ನೆಲೆ ಒದಗಿಸಿತು. ಮಾರುಕಟ್ಟೆಯ ಪ್ರಾಂಗಣ ಈ ಸೀಮೆಯ ದುಡಿಮೆಯ ಚರಿತ್ರೆಯಲ್ಲಿ ಪಡೆಯಬೇಕಾದ ಸ್ಥಾನವನ್ನು ಇನ್ನೂ ಪಡೆದಿಲ್ಲ. ಪ್ರಾಂಗಣದ ಹೊರಗಿನ ಗಿರಣಿ, ಬಟ್ಟೆ ಅಂಗಡಿ, ಖಾನಾವಳಿಗಳಲ್ಲಿ ದುಡಿಯುವವರಿಗೆ ಅಂತಹ ನೆಲೆ ಸಿಗಲಿಲ್ಲ. ಇಂದಿಗೂ ಸಂಬಳದ ಮಾತನ್ನು ಅವರು ಒಬ್ಬೊಬ್ಬರಾಗಿಯೇ ಆಡಬೇಕಾಗಿದೆ.

1990ರ ದಶಕದ ನಂತರದ ಬದಲಾವಣೆ ಹೊರಗಿನಿಂದ ಬಂದಿತು. ಹರಪನಹಳ್ಳಿ ಕಡೆಯವರಿಗೆ ಹರಿಹರದ ಕಾರ್ಖಾನೆಗಳ ಪಾಳಿ, ಹಾಜರಿ ಕಾರ್ಡು, ಭವಿಷ್ಯನಿಧಿಗಳು ಅದಕ್ಕೂ ಮೊದಲೇ ಪರಿಚಿತವಾಗಿದ್ದವು. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಯಂತ್ರೋಪಕರಣ ಕಾರ್ಖಾನೆ ಆ ಭಾಗದ ಎರಡು ತಲೆಮಾರುಗಳಿಗೆ ಕಾರ್ಖಾನೆಯ ಶಿಸ್ತು ಎಂದರೇನೆಂದು ತೋರಿಸಿತ್ತು. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ತಲೆಯೆತ್ತಿದ ಮೇಲೆ ಪೂರ್ವದ ಕಡೆಗೂ ಅದೇ ಅನುಭವ ಹರಡಿತು. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿಯ ಹಳ್ಳಿಗಳಿಂದಲೂ ತಾಂಡಾಗಳಿಂದಲೂ ಬೆಂಗಳೂರಿನ ಕಟ್ಟಡಗಳಿಗೆ, ಮಲೆನಾಡಿನ ಕಾಫಿ ತೋಟಗಳಿಗೆ ಗುಳೆ ಹೋಗುವವರ ಜೊತೆಗೆ, ಗಾರ್ಮೆಂಟ್ಸ್‌ಗೂ ಭದ್ರತಾ ಸಂಸ್ಥೆಗಳಿಗೂ ಹೋಗುವ ಯುವಜನ ಸೇರಿದರು. ಅವರು ಹಬ್ಬಕ್ಕೆ ಊರಿಗೆ ಬಂದಾಗ ಕೊರಳಲ್ಲಿ ಗುರುತಿನ ಚೀಟಿಯೂ ಮೊಬೈಲಿನಲ್ಲಿ ಪಿ.ಎಫ್. ಖಾತೆಯ ಸಂದೇಶವೂ ಇದ್ದವು. ಊರಿನ ಅಂಗಡಿಯಲ್ಲಿ ಅಪ್ಪನ ಜಾಗಕ್ಕೆ ನಿಲ್ಲು ಎಂದರೆ ‘ಅಲ್ಲಿ ಪಿ.ಎಫ್. ಐತೇನು?’ ಎಂದು ಕೇಳುವ ತಲೆಮಾರು ಅದು. ‘ಕೆಲಸಕ್ಕ ಜನಾನ ಸಿಗವಲ್ಲರು’ ಎಂಬ ಮಾತನ್ನು ಐದೂ ತಾಲ್ಲೂಕುಗಳ ವರ್ತಕರು ಆಡುತ್ತಾರೆ. ಜನರಿಗೆ ದುಡಿಯುವ ಮನಸ್ಸಿಲ್ಲ ಎಂದು ಅದನ್ನು ವ್ಯಾಖ್ಯಾನಿಸುವುದು ತಪ್ಪು. ದುಡಿಮೆಗೆ ಬರಹದ ಆಧಾರ ಸಿಗುವ ಊರುಗಳಿಗೆ ಅದೇ ಜನ ನೂರಾರು ಕಿಲೋಮೀಟರ್ ಪ್ರಯಾಣ ಮಾಡಿ ಹೋಗುತ್ತಿದ್ದಾರೆ.

ಇದೇ ಅವಧಿಯಲ್ಲಿ ಲೆಕ್ಕದ ಪದ್ಧತಿಯೂ ಬದಲಾಯಿತು. ಬಳ್ಳಾರಿಯ ವೀರಶೈವ ವಿದ್ಯಾವರ್ಧಕ ಸಂಘದ ಕೊಟ್ಟೂರೇಶ್ವರ ಕಾಲೇಜಿನಂತಹ ಸಂಸ್ಥೆಗಳು ಮನೆಬಾಗಿಲಲ್ಲಿಯೇ ಪದವಿ ಶಿಕ್ಷಣ ಒದಗಿಸಿದ್ದರಿಂದ ವಾಣಿಜ್ಯ ಓದಿದ ಮಕ್ಕಳು ಅಂಗಡಿಗೆ ಬಂದರು. ಅವರೊಡನೆ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಬಂತು. 2016ರ ನವೆಂಬರ್‌ನ ನೋಟು ರದ್ದತಿ, 2017ರ ಜುಲೈ 1ರಿಂದ ಜಾರಿಯಾದ ಜಿ.ಎಸ್.ಟಿ., ಆ ಮೇಲೆ ಎಲ್ಲೆಡೆ ಹರಡಿದ ಯು.ಪಿ.ಐ. ಇವು ಮೂರೂ ಸೇರಿ ಗಲ್ಲಾ ಪೆಟ್ಟಿಗೆಯ ವ್ಯವಹಾರವನ್ನು ಬ್ಯಾಂಕಿಗೆ ತಂದವು. 1976ರಲ್ಲಿ ಆರಂಭವಾಗಿ, ಇಂದು ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಬೆರೆತಿರುವ ತುಂಗಭದ್ರಾ ಗ್ರಾಮೀಣ ಬ್ಯಾಂಕಿನ ಶಾಖೆಗಳು ಹಳ್ಳಿಗಳಿಗೆ ತಲುಪಿದ್ದರಿಂದ ಹಮಾಲನಿಗೂ ಖಾತೆ ಇತ್ತು, ಸಂಬಳವನ್ನು ಅದಕ್ಕೆ ಹಾಕಲು ಅಡ್ಡಿಯಿರಲಿಲ್ಲ. ಆದರೂ ಬದಲಾವಣೆ ಮಾಲಿನ ಲೆಕ್ಕಕ್ಕೆ ನಿಂತುಹೋಯಿತು. ಒಂದು ಚೀಲ ಮೆಕ್ಕೆಜೋಳ ಯಾವ ದಿನ ಬಂತು, ಯಾವ ಲಾರಿಯಲ್ಲಿ ಹೋಯಿತು ಎಂಬುದನ್ನು ಕ್ಷಣದಲ್ಲಿ ಹೇಳಬಲ್ಲ ಗಣಕಯಂತ್ರದಲ್ಲಿ, ಆ ಚೀಲವನ್ನು ಹೊತ್ತವನ ಹೆಸರಿಗೆ ಒಂದು ಪುಟ ತೆರೆಯುವ ಕೆಲಸ ಬಹುತೇಕ ಕಡೆ ಆಗಲಿಲ್ಲ.

ಇದಕ್ಕೆ ಕಾನೂನಿನ ಹೊಸ್ತಿಲುಗಳೂ ಒಂದು ಕಾರಣ. ಹೊಸ್ತಿಲು ಎಂದರೆ ಇಷ್ಟು ಜನ ದುಡಿಯುವ ಸಂಸ್ಥೆಗೆ ಮಾತ್ರ ಈ ಕಾಯ್ದೆ ಅನ್ವಯ ಎಂಬ ಸಂಖ್ಯೆಯ ಮಿತಿ. ನೌಕರರ ರಾಜ್ಯ ವಿಮೆ (ಇ.ಎಸ್.ಐ.) ಮತ್ತು ಉಪದಾನ, ಅಂದರೆ ಗ್ರ್ಯಾಚುಯಿಟಿ, 10 ಜನರಿಂದ. ಭವಿಷ್ಯನಿಧಿ ಮತ್ತು ಬೋನಸ್ 20 ಜನರಿಂದ. ಆದ್ದರಿಂದ ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರು ಇರುವಂತೆ ನೋಡಿಕೊಳ್ಳುವುದು, ಒಂದೇ ಗೋಡೆಯ ಆಚೆ–ಈಚೆ ಅಣ್ಣನ ಹೆಸರಲ್ಲೊಂದು ತಮ್ಮನ ಹೆಸರಲ್ಲೊಂದು ಫರ್ಮು ತೋರಿಸುವುದು ಚಿಕ್ಕ ಪೇಟೆಗಳೆಲ್ಲೆಡೆ ರೂಢಿಯಾಗಿದೆ. ಖರ್ಚಿನ ಭಯ ಇದರ ಹಿಂದಿದೆ. ಆ ಭಯದ ಪ್ರಮಾಣವನ್ನು ಲೆಕ್ಕ ಹಾಕಿ ನೋಡಿದವರು ಕಡಿಮೆ. ರಾಜ್ಯ ವಿಮೆಗೆ 2019ರ ಜುಲೈಯಿಂದ ಮಾಲೀಕನ ವಂತಿಗೆ ಸಂಬಳದ ಶೇ. 3.25, ಕಾರ್ಮಿಕನದು ಶೇ. 0.75. ತಿಂಗಳಿಗೆ 12,000 ರೂಪಾಯಿ ಪಡೆಯುವ ಗುಮಾಸ್ತನಿಗೆ ಮಾಲೀಕ ತೆರಬೇಕಾದದ್ದು 390 ರೂಪಾಯಿ. ಅದೇ ಗುಮಾಸ್ತನಿಗೆ ಅಪಘಾತವೋ ಶಸ್ತ್ರಚಿಕಿತ್ಸೆಯೋ ಎದುರಾದಾಗ ಮುಲಾಜಿಗೆ ಕಟ್ಟುಬಿದ್ದು ಅಂಗಡಿ ಕೊಡುವ ಹಣ ಇದರ ಎಷ್ಟೋ ಪಟ್ಟು. ಉದಾರಿಯಾದ ಸಾಹುಕಾರನಿಗೆ ಕಾನೂನು ಹೊರೆಯಾಗುವುದಿಲ್ಲ. ಅವನು ಈಗಾಗಲೇ ಹೊತ್ತಿರುವ ಹೊರೆಯನ್ನು ಅದು ಹಗುರ ಮಾಡುತ್ತದೆ. 2025ರ ನವೆಂಬರ್ 21ರಂದು ದೇಶದಲ್ಲಿ ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ಹಳೆಯ ಕೇಂದ್ರ ಕಾಯ್ದೆಗಳನ್ನು ಒಟ್ಟುಗೂಡಿಸಿ, ನೇಮಕಾತಿ ಪತ್ರವನ್ನೂ ಗೊತ್ತಾದ ದಿನದೊಳಗೆ ಸಂಬಳ ಕೊಡುವುದನ್ನೂ ಮುಂದೆ ತಂದಿವೆ. ಹಮಾಲರು, ಟೈಲರುಗಳು, ಮೆಕ್ಯಾನಿಕ್‌ಗಳು ಮೊದಲಾದ ಅಸಂಘಟಿತ ವರ್ಗಗಳಿಗೆ ರಾಜ್ಯದ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆ, 2021ರಲ್ಲಿ ಆರಂಭವಾದ ಇ–ಶ್ರಮ್ ನೋಂದಣಿಗಳೂ ಇವೆ; ಅವುಗಳ ಅರ್ಜಿ ತುಂಬಿಸುವ ಕೆಲಸವನ್ನು ಅಂಗಡಿಯೇ ವಹಿಸಿಕೊಂಡರೆ ಅದಕ್ಕೆ ಒಂದು ಮಧ್ಯಾಹ್ನ ಸಾಕು.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಹಳೆಯ ವ್ಯವಸ್ಥೆಯನ್ನು ಹೊಗಳಲು ಕಾರಣಗಳು ಬಹಳ ಕಡಿಮೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆಯ ತೋಟಗಳಲ್ಲಿ ಬೆಳಗಿನ ಜಾವ ಮೊಗ್ಗು ಬಿಡಿಸುವವರು ಹೆಚ್ಚಾಗಿ ಹೆಂಗಸರು. ಬಿಸಿಲೇರಿದರೆ ಮೊಗ್ಗು ಅರಳಿ ಬೆಲೆ ಇಳಿಯುವುದರಿಂದ ಅವರ ದುಡಿಮೆ ಗಡಿಯಾರಕ್ಕಿಂತ ಮುಂದೆ ಓಡಬೇಕು. ಆದರೆ ಮನೆಯ ತೋಟದಲ್ಲಿ ಬಿಡಿಸಿದ ಹೆಂಗಸಿನ ಕೂಲಿ ಯಾವ ಲೆಕ್ಕಕ್ಕೂ ಸೇರದೆ ಹೂವಿನ ಪಟ್ಟಿ ಗಂಡಸಿನ ಹೆಸರಿಗೆ ಬರುತ್ತದೆ. ಶೇಂಗಾ ಮಿಲ್ಲಿನಲ್ಲಿ ಕಾಳು ಆರಿಸುವವಳಿಗೆ ತೂಕದ ಮೇಲೆ ಕೂಲಿ. ಧೂಳಿನಲ್ಲಿ ಸೆರಗು ಮೂಗಿಗೆ ಕಟ್ಟಿಕೊಂಡು, ಮೊರದಲ್ಲಿ ಕಾಳನ್ನು ಹಾರಿಸಿ, ಸೀಕಲು ಮತ್ತು ಒಡಕುಗಳನ್ನು ಬೆರಳ ತುದಿಯಿಂದ ಬೇರ್ಪಡಿಸುವ ಆ ಕೆಲಸ ಮಾಲಿನ ಬೆಲೆಯನ್ನೇ ನಿರ್ಧರಿಸುತ್ತದೆ; ಆದರೂ ಅದು ಕುಶಲ ಕೆಲಸವೆಂದು ಗಣನೆಗೆ ಬಂದಿಲ್ಲ. ಕೈಗೆಟಕುವ ಶೌಚಾಲಯ, ಕುಡಿಯುವ ನೀರು, ಮಗುವನ್ನು ಮಲಗಿಸಲು ನೆರಳು ಇಲ್ಲದ ಮಿಲ್ಲನ್ನು ಯಂತ್ರ ಎಷ್ಟೇ ಹೊಸದಾದರೂ ಆಧುನಿಕ ಎನ್ನಲಾಗದು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಾಗುವ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆ 10 ಜನರಿರುವ ಸಂಸ್ಥೆಗೆ ಒಳ ಸಮಿತಿಯನ್ನೂ, ಅದಕ್ಕಿಂತ ಚಿಕ್ಕ ಸಂಸ್ಥೆಗಳಿಗಾಗಿ ಜಿಲ್ಲೆಯಲ್ಲಿ ಸ್ಥಳೀಯ ಸಮಿತಿಯನ್ನೂ ಕಡ್ಡಾಯ ಮಾಡಿದೆ. ಮಾಲೀಕನ ಮನೆಯವನ ಮೇಲೆಯೇ ದೂರು ಹೇಳಬೇಕಾದಾಗ ಕುಟುಂಬ ಉದ್ಯಮದಲ್ಲಿ ದುಡಿಯುವವಳಿಗೆ ಬೇರೆ ಬಾಗಿಲೇ ಇರುವುದಿಲ್ಲವಾದ್ದರಿಂದ, ಈ ಜಿಲ್ಲಾ ಸಮಿತಿಯ ವಿಳಾಸ ಪ್ರತಿ ಗಿರಣಿಯ ಗೋಡೆಯ ಮೇಲೂ ಕನ್ನಡದಲ್ಲಿ ಇರತಕ್ಕದ್ದು.

ಮಾಲೀಕನ ಮನೆಯೊಳಗಿನ ಹೆಣ್ಣುಮಕ್ಕಳ ಸ್ಥಾನವೂ ಬದಲಾಗಿದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಪಾಲು ನೀಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿಯೇ ಮಾಡಿತ್ತು. 2005ರಲ್ಲಿ ಅದು ದೇಶಕ್ಕೆಲ್ಲ ವಿಸ್ತರಿಸಿತು. ಕಾಗದದ ಮೇಲೆ ಪಾಲುದಾರಳಾದ ಮಗಳು ಗಾದಿಯ ಮೇಲೆ ಕುಳಿತು ವ್ಯವಹಾರ ನಡೆಸುವುದು ಮಾತ್ರ ಇನ್ನೂ ವಿರಳ.

ಈ ಎಲ್ಲ ಎಳೆಗಳೂ ಒಂದೆಡೆ ಬಿಗಿಯಾಗುವುದು ಮನೆತನದ ಆಸ್ತಿ ಹಿಸ್ಸೆಯಾಗುವ ಗಳಿಗೆಯಲ್ಲಿ. ಹಿರಿಯರು ತೀರಿಕೊಂಡ ಮೇಲೆ ಅಂಗಡಿ ಒಬ್ಬರಿಗೆ, ಗಿರಣಿ ಇನ್ನೊಬ್ಬರಿಗೆ, ಗೋದಾಮು ಮತ್ತೊಬ್ಬರಿಗೆ ಎಂದು ಪಂಚರ ಎದುರು ಪಾಲುಪಟ್ಟಿ ಬರೆಯುವಾಗ ತಕ್ಕಡಿ, ಬಟ್ಟು, ಖಾಲಿ ಚೀಲಗಳವರೆಗೆ ಎಲ್ಲವೂ ಪಟ್ಟಿಗೆ ಬರುತ್ತವೆ. ಮೂರೂ ಕಡೆ ದುಡಿದ ಹಳೆಯ ಆಳು ಯಾರ ಪಾಲಿಗೆ ಎಂಬ ಪ್ರಶ್ನೆ ಏಳುವುದೇ ಇಲ್ಲ. ‘ನಿನ್ನ ಕೈ ಬಿಡಂಗಿಲ್ಲ’ ಎಂದು ಮಾತು ಕೊಟ್ಟವರು ಇಲ್ಲ. ಆ ಮಾತಿನ ಬಾಧ್ಯತೆ ಮಕ್ಕಳಿಗೆ ದಾಟಿಲ್ಲ. ತಿಂಗಳಿಗೆ 12,000 ರೂಪಾಯಿ ಸಂಬಳದ ಮೇಲೆ 20 ವರ್ಷ ದುಡಿದವನಿಗೆ, ವರ್ಷಕ್ಕೆ 15 ದಿನದ ಸಂಬಳದಂತೆ, ತಿಂಗಳನ್ನು 26 ದಿನವೆಂದು ಹಿಡಿದು ಲೆಕ್ಕ ಹಾಕಿದರೆ ಬರಬೇಕಾದ ಉಪದಾನ ಸುಮಾರು 1,38,000 ರೂಪಾಯಿ. ಉಪದಾನದ ಕಾನೂನು ಒಮ್ಮೆ ಒಂದು ಸಂಸ್ಥೆಗೆ ಅನ್ವಯಿಸಿದರೆ ಆಮೇಲೆ ಜನರ ಸಂಖ್ಯೆ 10ಕ್ಕಿಂತ ಕೆಳಗಿಳಿದರೂ ಅನ್ವಯಿಸುತ್ತಲೇ ಇರುತ್ತದೆ ಎಂಬುದು ಹಲವು ವರ್ತಕರಿಗೂ ಅವರ ಆಳುಗಳಿಗೂ ತಿಳಿದಿಲ್ಲ. ತಿಳಿದರೂ, ಸೇರಿದ ತಾರೀಖನ್ನು ತೋರಿಸುವ ಚೂರು ಕಾಗದ ಇಲ್ಲದವನು 20 ವರ್ಷವನ್ನು ಸಾಬೀತು ಮಾಡುವುದು ಹೇಗೆ? ಹಳೆಯ ತಲೆಮಾರಿನ ಔದಾರ್ಯ ಸೋತದ್ದು ಇಲ್ಲಿ. ಅದು ನೀಡಿದವರ ಆಯುಷ್ಯದಷ್ಟೇ ಬಾಳಿತು.

ಈ ಸೀಮೆಗೆ ನದಿಯಾಚೆಯ ಉದಾಹರಣೆಯೊಂದು ಉಪಯುಕ್ತ. ಗದಗಿನಲ್ಲಿ ವಿಜಯ ಸಂಕೇಶ್ವರರು 1976ರಲ್ಲಿ ಒಂದು ಲಾರಿಯಿಂದ ಆರಂಭಿಸಿದ ಸಾರಿಗೆ ವ್ಯವಹಾರ 2015ರಲ್ಲಿ ಷೇರುಪೇಟೆಗೆ ಬಂದಿತು. ಷೇರುಪೇಟೆಗೆ ಬರುವುದೆಂದರೆ ಒಡೆತನವೂ ಆಡಳಿತವೂ ಸಾರ್ವಜನಿಕರ ಎದುರು ಲೆಕ್ಕ ಒಪ್ಪಿಸುವುದು. ಕುಟುಂಬ ಗಾದಿಯಲ್ಲಿಯೇ ಉಳಿದುಕೊಂಡು ನಿಯಮಗಳಿಗೆ ಒಳಪಡಬಹುದೆಂಬುದಕ್ಕೆ ಅದು ಸಾಕ್ಷಿ. ಕೊಟ್ಟೂರಿನ ಎಣ್ಣೆ ಗಿರಣಿಯಾಗಲಿ, ಹಗರಿಬೊಮ್ಮನಹಳ್ಳಿಯ ಗೊಬ್ಬರದ ಅಂಗಡಿಯಾಗಲಿ ಆ ಗಾತ್ರಕ್ಕೆ ಬೆಳೆಯಬೇಕಾಗಿಲ್ಲ. ಮಹಾನಗರದ ಸಂಸ್ಥೆಗಳಂತೆ ಮಾನವ ಸಂಪನ್ಮೂಲ ವಿಭಾಗವೊಂದನ್ನು ತೆರೆಯುವ ಅಗತ್ಯವೂ ಇಲ್ಲ. ಆ ವಿಭಾಗಗಳು ಲಕ್ಷಾಂತರ ರೂಪಾಯಿ ಸುರಿದು ಗಳಿಸಲು ಹೆಣಗುವ ಪರಸ್ಪರ ಪರಿಚಯ ಇಲ್ಲಿ ಹಣ ತೆರದೆಯೇ ಇದೆ: ಸಾಹುಕಾರನಿಗೆ ತನ್ನ ಹಮಾಲನ ಮಕ್ಕಳು ಯಾವ ತರಗತಿಯಲ್ಲಿ ಓದುತ್ತಿದ್ದಾರೆಂಬುದು ಗೊತ್ತು, ಹಮಾಲನಿಗೆ ಯಾವ ರೈತನ ಮಾಲು ಹಸಿ, ಯಾವುದು ಒಣಗಿದ್ದು ಎಂಬುದು ಗೊತ್ತು. ಇದನ್ನು ಉಳಿಸಿಕೊಂಡು, ಇದಕ್ಕೆ ಬರಹದ ಬೆಂಬಲ ಕೊಡುವುದಷ್ಟೇ ಬಾಕಿ ಇರುವ ಕೆಲಸ.

ಆದ್ದರಿಂದ ಐದೂ ತಾಲ್ಲೂಕುಗಳ ವರ್ತಕರ ಸಂಘಗಳಲ್ಲಿ ಒಂದು ಬಿನ್ನಹ. ಮುಂದಿನ ದೀಪಾವಳಿಗೆ ಹೊಸ ಖಾತೆ ತೆರೆಯುವಾಗ ಪ್ರತಿ ಅಂಗಡಿಯೂ ದುಡಿಯುವವರ ಹೆಸರಿನ ಒಂದು ಪುಸ್ತಕವನ್ನೂ ತೆರೆಯಲಿ. ಸೇರಿದ ದಿನಾಂಕ, ಸಂಬಳ, ವಾರದ ರಜೆ, ಕೊಟ್ಟ ಮುಂಗಡ, ಹಿಂತಿರುಗಿ ಬಂದ ಮುಂಗಡ ಇವಿಷ್ಟನ್ನು ಕನ್ನಡದಲ್ಲಿ ಬರೆದು, ಅದರ ನಕಲೊಂದನ್ನು ಸಹಿ ಮಾಡಿ ಅವರ ಕೈಗೆ ಕೊಡಲಿ. ಹಳೆಯ ಆಳುಗಳ ಸೇವೆಯ ವರ್ಷಗಳನ್ನು, ಅವುಗಳನ್ನು ಕಣ್ಣಾರೆ ಕಂಡ ಹಿರಿಯರು ಬದುಕಿರುವಾಗಲೇ ಕೇಳಿ ದಾಖಲಿಸಲಿ.